ಕಾಲೇಜಿಗೆ ಕಳುಹಿಸಿದ ಮೇಲೆ

ಮುಂಗಾರಿನ ಮೋಡ ಮೂಡುವ ಹೊತ್ತಿಗೆ ನಮ್ಮ ಬಯಲುಸೀಮೆಯ ರೈತನಿಗೆ ಎರಡು ಚಿಂತೆಗಳು ಒಟ್ಟೊಟ್ಟಿಗೇ ಬಂದೊದಗುತ್ತವೆ. ಒಂದು ಬಿತ್ತನೆಯದು, ಮತ್ತೊಂದು ಮಕ್ಕಳ ಕಾಲೇಜಿನದು. ಕಡೂರು ತಾಲ್ಲೂಕಿನ ಯಗಟಿ ಹೋಬಳಿಯನ್ನೇ ತೆಗೆದುಕೊಳ್ಳಿ. ಮಲೆನಾಡು ಇದೇ ಜಿಲ್ಲೆಯಲ್ಲಿದ್ದರೂ ಮಲೆನಾಡಿನ ಮಳೆ ಈ ಸೀಮೆಗೆ ದಕ್ಕಿದ್ದಲ್ಲ. ತೆಂಗು, ರಾಗಿ, ಈರುಳ್ಳಿಗಳನ್ನು ನಂಬಿ, ಕೊಳವೆಬಾವಿಯ ನೀರು ಈ ವರ್ಷ ನಿಂತೀತೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಬದುಕುವ ಮನೆಗಳಿವು. ಇಂಥ ಮನೆಯ ಮಗನೋ ಮಗಳೋ ದ್ವಿತೀಯ ಪಿಯುಸಿ ಮುಗಿಸಿ ಮುಂದಿನ ಓದಿಗೆ ಹೊರಟರೆ ಮನೆಯವರೆಲ್ಲರ ಮನಸ್ಸೂ ಆ ಮಗುವಿನ ಹಿಂದೆಯೇ ಹೊರಡುತ್ತದೆ. ಬಸ್ಸು ಹಿಡಿದು ಕಡೂರಿಗೆ. ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ, ಇಲ್ಲವೆ ಬೀರೂರಿನ ಮೇಲೆ ಶಿವಮೊಗ್ಗೆಗೆ, ಇಲ್ಲವೆ 2013ರಲ್ಲಿ ಸಂಚಾರ ಆರಂಭವಾದ ಹೊಸ ಹಳಿಯ ಮೇಲೆ ಚಿಕ್ಕಮಗಳೂರಿಗೆ. ಹಿಂದೆ ಕಬ್ಬಿಣದ ಟ್ರಂಕು ಹೊತ್ತು ಹೋಗುತ್ತಿದ್ದರು, ಈಗ ಬೆನ್ನಿಗೆ ಚೀಲ ಏರಿಸಿ ಹೋಗುತ್ತಾರೆ. ಚಟ್ನಿಪುಡಿಯ ಡಬ್ಬಿ ಮಾತ್ರ ಅಂದಿನಂತೆ ಇಂದೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಕಳುಹಿಸುವ ಕೆಲಸವನ್ನು ನಾವು ಚೆನ್ನಾಗಿ ಬಲ್ಲೆವು. ಶುಲ್ಕ ಹೊಂದಿಸುವುದು, ಹಾಸ್ಟೆಲಿನಲ್ಲಿ ಜಾಗ ಹುಡುಕುವುದು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಗೆ ಅಲೆಯುವುದು, ಹಾಸಿಗೆ ತಟ್ಟೆ ಲೋಟಗಳನ್ನು ಕೊಡಿಸುವುದು, ಇವೆಲ್ಲವನ್ನೂ ಓದು ಬಾರದ ತಂದೆಯೂ ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಾನೆ. ಕಳುಹಿಸಿದ ಮೇಲೆ ತಂದೆತಾಯಿಗಳಾಗಿ ಇರುವುದು ಹೇಗೆಂಬುದನ್ನು ಮಾತ್ರ ಯಾರೂ ನಮಗೆ ಕಲಿಸಿದಂತೆ ಕಾಣುವುದಿಲ್ಲ. ಕಣ್ಣೆದುರಿಗಿದ್ದ ಮಗುವಿನ ಮುಖ ನೋಡಿ ಹೊಟ್ಟೆ ಹಸಿದಿದೆಯೋ ಮನಸ್ಸು ನೊಂದಿದೆಯೋ ತಿಳಿಯುತ್ತಿದ್ದ ತಾಯಿ ಈಗ ಏನಿದ್ದರೂ ಮಗುವಿನ ಬಾಯಿಂದಲೇ ಕೇಳಿ ತಿಳಿಯಬೇಕು. ಅದು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ಆದ್ದರಿಂದ ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ ಒಂದೇ: ದೂರ ಹೋದ ಮಗು ನಮಗೆ ನಿಜವನ್ನು ಹೇಳಬೇಕಾದರೆ ನಾವು ಎಂಥವರಾಗಿರಬೇಕು?

ಸತ್ಯವನ್ನು ನುಡಿಯಬೇಕೆಂದು ಮಕ್ಕಳಿಗೆ ಬೋಧಿಸುವುದರಲ್ಲಿ ನಾವು ಯಾರಿಗೂ ಕಡಮೆಯಲ್ಲ. ನುಡಿಯುವವನ ಧರ್ಮದ ಬಗೆಗೆ ನಮ್ಮಲ್ಲಿ ಮಾತಿಗೆ ಬರವೇ ಇಲ್ಲ. ಕೇಳುವವನ ಧರ್ಮದ ಬಗೆಗೆ ಅಷ್ಟು ಯೋಚಿಸಿದ್ದೇವೆಯೆ? ಸುಳ್ಳು ಹೇಳಿದ ಮಗನನ್ನು ಶಿಕ್ಷಿಸುತ್ತೇವೆ. ಆದರೆ ಅವನು ನಿಜ ಹೇಳಿದ ದಿನವೂ ಅದೇ ಶಿಕ್ಷೆ ಸಿಕ್ಕಿದ್ದರೆ ಅವನು ಕಲಿತ ಪಾಠ ಯಾವುದು? ನಿಜಕ್ಕೆ ಸಲ್ಲುವ ದಂಡ ತತ್‌ಕ್ಷಣದ್ದು, ಸುಳ್ಳಿಗೆ ಸಲ್ಲುವ ದಂಡ ಸಿಕ್ಕಿಬಿದ್ದರೆ ಮಾತ್ರ. ಈ ಲೆಕ್ಕವನ್ನು ಹತ್ತು ವರ್ಷದ ಹುಡುಗನೂ ಮಾಡಬಲ್ಲ. ಹದಿನೆಂಟರವನು ನೂರಾರು ಮೈಲಿ ದೂರದಿಂದ ಇನ್ನೂ ಸುಲಭವಾಗಿ ಮಾಡುತ್ತಾನೆ.

ಇಲ್ಲಿ ಸ್ವಲ್ಪ ಹಿಂದಿನ ಕಾಲವನ್ನು ನೆನೆಯುವುದು ಅನುಚಿತವಾಗಲಾರದು. ಹಳ್ಳಿಯ ಮಗು ಓದಿಗಾಗಿ ಪಟ್ಟಣ ಸೇರುವ ಸಮಸ್ಯೆ ಇಂದು ಹುಟ್ಟಿದ್ದಲ್ಲ. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರಿನ ರೈಲುನಿಲ್ದಾಣದ ಬಳಿ ಧರ್ಮಛತ್ರ ಕಟ್ಟಿಸಿದ್ದು, ಅವರ ಹೆಸರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ನಡೆದು ಬಂದದ್ದು ಎಲ್ಲರಿಗೂ ತಿಳಿದ ವಿಷಯ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯವನ್ನು ನಡೆಸಿದರು. ಸುತ್ತೂರಿನ ರಾಜೇಂದ್ರ ಶ್ರೀಗಳು 1941ರಲ್ಲಿ ಮೈಸೂರಿನಲ್ಲಿ ಕೆಲವೇ ವಿದ್ಯಾರ್ಥಿಗಳಿಗಾಗಿ ಉಚಿತ ನಿಲಯವನ್ನು ತೆರೆದರು. ಸಿರಿಗೆರೆಯ ವಿದ್ಯಾಸಂಸ್ಥೆ 1946ರಲ್ಲಿ ಆರಂಭವಾಯಿತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ತಾವೇ 1927ರಲ್ಲಿ ಹಳ್ಳಿಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಓದಲು ಹೋದವರು. ಮುಂದೆ ಮಠದ ಹೊಣೆ ಹೊತ್ತ ಮೇಲೆ 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದರು.

ಈ ಪತ್ರಿಕೆಯ ಓದುಗರಲ್ಲಿ ಇಂಥ ನಿಲಯಗಳ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದವರು ಅನೇಕರಿದ್ದಾರೆ. ಅವರು ಒಂದು ಮಾತನ್ನು ಜ್ಞಾಪಿಸಿಕೊಳ್ಳಬೇಕೆಂದು ಪ್ರಾರ್ಥನೆ. ಆ ಪಂಕ್ತಿಯಲ್ಲಿ ಮುದ್ದೆ ಬಡಿಸಿದವರು ಯಾವತ್ತಾದರೂ ನಿಮ್ಮ ಅಂಕಪಟ್ಟಿ ಕೇಳಿ ಬಡಿಸಿದರೆ? ಕಿರುಪರೀಕ್ಷೆಯಲ್ಲಿ ಸೋತವನಿಗೆ ಸಾರು ಕಡಮೆ ಮಾಡಿದರೆ? ಶಿಸ್ತು ಇತ್ತು, ಬೆಳಗಿನ ಜಾವದ ಪ್ರಾರ್ಥನೆ ಇತ್ತು, ತಪ್ಪಿದರೆ ಗದರಿಕೆಯೂ ಇತ್ತು. ಆದರೆ ಉಣ್ಣುವ ಅನ್ನವನ್ನು ಸಾಲವೆಂದು ಯಾರೂ ಎತ್ತಿ ಆಡಲಿಲ್ಲ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಇಲ್ಲಿಯೇ ಕಂಡರು. ದಾನದಲ್ಲಿ ಕೊಟ್ಟೆನೆಂಬ ಭಾವ ಉಳಿಯುತ್ತದೆ. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಅಪರಿಚಿತರ ಮಕ್ಕಳ ವಿಷಯದಲ್ಲಿ ಸಮಾಜ ತೋರಿದ ಈ ಹದವನ್ನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ವಿಷಯದಲ್ಲಿ ನಾವು ತೋರುತ್ತಿದ್ದೇವೆಯೆ ಎಂಬುದನ್ನು ಎದೆ ಮುಟ್ಟಿ ಕೇಳಿಕೊಳ್ಳಬೇಕಾಗಿದೆ.

"ನಿನ್ನ ಓದಿಗಾಗಿ ತೋಟ ಅಡವಿಟ್ಟಿದ್ದೇನೆ." "ನಿಮ್ಮವ್ವನ ಸರ ಬ್ಯಾಂಕಿನಲ್ಲಿದೆ, ನೆನಪಿರಲಿ." ಈ ಮಾತುಗಳು ಸುಳ್ಳಲ್ಲ. ಮಗುವಿಗೆ ಮನೆಯ ಸ್ಥಿತಿ ತಿಳಿದಿರಬೇಕು ಎಂಬುದೂ ಸರಿಯೆ. ಬರದ ಸೀಮೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾದ್ದೇ ಇಲ್ಲ. ಕೊಬ್ಬರಿಯ ಧಾರಣೆ ಬಿದ್ದ ವರ್ಷ ಹಬ್ಬಕ್ಕೆ ಬಟ್ಟೆ ಬರಲಿಲ್ಲವೆಂಬುದನ್ನು ಅವರು ತಾವಾಗಿಯೇ ಬಲ್ಲರು. ಮನೆಯ ಜಮಾಖರ್ಚನ್ನು ಮುಂದಿಟ್ಟು, "ತಿಂಗಳಿಗೆ ಇಷ್ಟು ಕಳಿಸಬಲ್ಲೆವು, ಇದರಲ್ಲಿ ಹೇಗೆ ನಡೆಸುತ್ತೀಯೆ, ನೀನೇ ಲೆಕ್ಕ ಬರೆದು ನೋಡು" ಎನ್ನುವುದು ಮಗುವನ್ನು ಮನೆಯ ಪಾಲುದಾರನನ್ನಾಗಿ ಮಾಡುತ್ತದೆ. ಅದೇ ಅಡವಿನ ಮಾತನ್ನು ಪ್ರತಿ ಸಲ ಫೋನು ಮಾಡಿದಾಗಲೂ ಎತ್ತಿದರೆ ಮಗು ಸಾಲಗಾರನಾಗುತ್ತದೆ. ಸಾಲಗಾರ ಸಾಹುಕಾರನ ಮುಂದೆ ತನ್ನ ಬೆಳೆ ಕೆಟ್ಟಿತೆಂದು ಸುಲಭವಾಗಿ ಹೇಳುವನೆ? "ಎಲ್ಲ ಚೆನ್ನಾಗಿದೆ, ಈ ಸಲ ಬಂದೇ ಬರುತ್ತದೆ" ಎನ್ನುತ್ತಾನೆ. ಮಗುವೂ ಹಾಗೆಯೇ ಅನ್ನುತ್ತದೆ.

ಹಣದ ಮಾತು ಬಂದುದರಿಂದ ಒಂದು ವ್ಯಾವಹಾರಿಕ ಸಂಗತಿಯನ್ನು ಹೇಳಿ ಮುಂದುವರಿಯುತ್ತೇನೆ. ರೈತರ ಮಕ್ಕಳಿಗಾಗಿ 2021ರಲ್ಲಿ ರಾಜ್ಯದಲ್ಲಿ ರೈತ ವಿದ್ಯಾನಿಧಿ ಆರಂಭವಾದಾಗ ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿಗಳೆಂದು ಗೊತ್ತುಮಾಡಲಾಗಿತ್ತು. ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ನಿಲಯಗಳೂ ವಿದ್ಯಾರ್ಥಿವೇತನಗಳೂ ಇವೆ. ಇವುಗಳ ಅರ್ಜಿಯನ್ನು ತಂದೆ ತುಂಬದೆ ಮಗುವಿನಿಂದಲೇ ತುಂಬಿಸಿರಿ. ಕಚೇರಿಯ ಕಿಟಕಿಯ ಮುಂದೆ ನಿಂತು ಕೇಳಿ ಪಡೆಯುವುದನ್ನು ಕಲಿಯದೆ ಪಟ್ಟಣಕ್ಕೆ ಹೋದ ಹುಡುಗ ಕಾಲೇಜಿನ ಗುಮಾಸ್ತರ ಮುಂದೆಯೂ ಬಾಯಿ ತೆರೆಯಲಾರ.

ಇನ್ನು ಓದಿನ ವಿಷಯ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಮೊದಲ ಬೆಂಚಿನಲ್ಲಿ ಕುಳಿತು ಓದಿದ ಮಗುವೊಂದು ಇಂಗ್ಲಿಷ್ ಪಾಠದ ನಡುವೆ ಹೋಗಿ ಕುಳಿತಾಗ ಅದಕ್ಕೆ ಏನಾಗುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು. ವಿಜ್ಞಾನ ಓದುವವರಿಗೆ ಈ ಪೆಟ್ಟು ಪ್ರಥಮ ಪಿಯುಸಿಯಲ್ಲಿಯೇ ಬೀಳುತ್ತದೆ. ಉಳಿದ ಹಲವರಿಗೆ ಪದವಿಯ ಮೊದಲ ವರ್ಷದಲ್ಲಿ. ದ್ಯುತಿಸಂಶ್ಲೇಷಣೆ ಎಂದರೇನೆಂದು ಎಲೆಯ ಚಿತ್ರ ಬರೆದು ವಿವರಿಸಬಲ್ಲವನು ಫೋಟೋಸಿಂಥೆಸಿಸ್ ಎಂಬ ಹೆಸರು ಕೇಳಿ ಅದಾವುದೋ ಹೊಸ ವಸ್ತುವೆಂದು ಬೆದರುತ್ತಾನೆ. ವೇಗೋತ್ಕರ್ಷವನ್ನು ಬಲ್ಲವನು ಅಕ್ಸಲರೇಶನ್ ಎಂಬುದರ ಮುಂದೆ ತಬ್ಬಿಬ್ಬಾಗುತ್ತಾನೆ. ವಿಷಯ ಗೊತ್ತು, ವಿಷಯದ ಹೆಸರು ಗೊತ್ತಿಲ್ಲ. ಪಕ್ಕದಲ್ಲಿ ಕುಳಿತ ಪೇಟೆಯ ಹುಡುಗನಿಗೆ ಒಂದೊಂದು ಸಲ ವಿಷಯ ಗೊತ್ತಿರುವುದಿಲ್ಲ, ಹೆಸರು ಮಾತ್ರ ಗೊತ್ತಿರುತ್ತದೆ! ಆದರೆ ತರಗತಿಯಲ್ಲಿ ಜಾಣನೆನಿಸುವವನು ಅವನೇ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳನ್ನು ಸರ್ಕಾರ ಮೀಸಲಿಟ್ಟಿದೆ. ಅದು ಬಾಗಿಲ ತನಕ ಕೈಹಿಡಿದು ಕರೆತರುತ್ತದೆ. ಒಳಗೆ ಹೋದ ಮೇಲೆ ಮೊದಲ ಆರು ತಿಂಗಳ ಕತ್ತಲೆಯಲ್ಲಿ ಕೈಹಿಡಿಯುವವರು ಯಾರು?

ಆ ಆರು ತಿಂಗಳಲ್ಲಿ ಊರಿನಲ್ಲಿ ತೊಂಬತ್ತು ತೆಗೆದವನಿಗೆ ನಲವತ್ತು ಬರುವುದು ತೀರ ಸಹಜ. ಈ ಇಳಿತ ಬುದ್ಧಿಯ ಕುಂದಲ್ಲವೆಂದು ಮಗುವಿಗೆ ತಿಳಿಯದು. ಅದು ತನ್ನನ್ನು ದಡ್ಡನೆಂದೇ ಎಣಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತಂದೆಯಿಂದ ಬರುವ ಮೊದಲ ಮಾತು, "ಅಲ್ಲಿ ಏನು ಮಾಡುತ್ತಿದ್ದೀಯೆ ನೀನು?" ಎಂದಾದರೆ ಮುಂದಿನ ಅಂಕಗಳು ಆ ಮನೆಗೆ ತಿಳಿಯುವುದಿಲ್ಲ. ಇಂಗ್ಲಿಷ್ ಬಾರದ ತಂದೆ ಏನು ತಾನೆ ಸಹಾಯ ಮಾಡಬಲ್ಲ ಎಂದು ಕೇಳಬಹುದು. ಬಹಳ ಮಾಡಬಲ್ಲ. "ಇವತ್ತು ಕಲಿತದ್ದನ್ನು ನನಗೆ ನಮ್ಮ ಮಾತಿನಲ್ಲಿ ಹೇಳು ನೋಡೋಣ" ಎಂದು ಫೋನಿನಲ್ಲಿ ಕೇಳುವ ತಂದೆಯಿಂದ ಎರಡು ಉಪಕಾರಗಳಾಗುತ್ತವೆ. ತನ್ನ ಭಾಷೆಯಲ್ಲಿ ಹೇಳಹೊರಟಾಗ ವಿಷಯ ಮಗುವಿಗೆ ನಿಜವಾಗಿ ಅರ್ಥವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಇಂಗ್ಲಿಷ್ ಬಾರದಿದ್ದರೆ ವಿದ್ಯೆಯೇ ಬಾರದೆಂಬ ಭ್ರಮೆಯೂ ಕಳಚುತ್ತದೆ. ಒಂದು ಇಂಗ್ಲಿಷ್-ಕನ್ನಡ ನಿಘಂಟು ಕೊಡಿಸಿರಿ. ಅದರ ಬೆಲೆ ಕಾಲೇಜಿಗೆಂದು ಹೊಸದಾಗಿ ಕೊಡಿಸುವ ಮೊಬೈಲಿನ ಬೆಲೆಯ ಮುಂದೆ ಏನೇನೂ ಅಲ್ಲ.

ಸರ್ಕಾರವೇ 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ಏರ್ಪಡಿಸಿತು. ಆಗ ಒಮ್ಮೆ ಸೋತವನಿಗೆ ಅದೇ ವರ್ಷ ಮತ್ತೆರಡು ಅವಕಾಶಗಳು ದೊರೆತವು. ಕಚೇರಿಗಳಿಗೆ ಹೃದಯವಿಲ್ಲವೆಂದು ನಾವು ಆಡಿಕೊಳ್ಳುವುದುಂಟಷ್ಟೆ. ಆ ಕಚೇರಿ ಮೂರು ಸಲ ತೆರೆದ ಬಾಗಿಲನ್ನು ಹೆತ್ತವರು ಒಂದೇ ಸಲಕ್ಕೆ ಮುಚ್ಚಿದರೆ ಹೇಗೆ? ಈ ಮಾತನ್ನು ಲಘುವಾಗಿ ಬರೆಯುತ್ತಿಲ್ಲ. 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿ ಹೇಳುತ್ತದೆ. ಈ ಸಾವುಗಳೆಲ್ಲಕ್ಕೂ ಹೆತ್ತವರೇ ಹೊಣೆಯೆಂದರೆ ಅದು ಕ್ರೌರ್ಯ, ಅಸತ್ಯವೂ ಹೌದು. ಕಾರಣಗಳು ಹತ್ತಾರು, ಕಾಯಿಲೆಯೂ ಅವುಗಳಲ್ಲೊಂದು. ಕಾಲೇಜುಗಳು ಮಾಡಬೇಕಾದುದೇನೆಂದು 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮಾರ್ಗಸೂಚಿಗಳನ್ನು ಕೊಡಬೇಕಾಯಿತು. ಆದರೂ ನಮ್ಮ ಕೈಯಲ್ಲಿರುವುದು ಒಂದುಂಟು: "ಎಲ್ಲವೂ ಕೆಟ್ಟು ಹೋದರೂ ಮನೆಗೆ ಹೋಗಬಹುದು" ಎಂಬ ನಂಬಿಕೆಯನ್ನು ಮಗುವಿನಲ್ಲಿ ಉಳಿಸುವುದು. ಮಗುವಿನ ನಿದ್ದೆ ಊಟಗಳು ಕೆಟ್ಟು ವಾರಗಟ್ಟಲೆ ಮಂಕಾಗಿದ್ದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ, ಕಾಸಿಲ್ಲದೆ, ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಹೆತ್ತವರೂ ಬರೆದಿಟ್ಟುಕೊಳ್ಳುವುದು ಲೇಸು.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ಅದನ್ನು ಬಿಡಿಸಿ ಹೇಳಲೇಬೇಕು. ನಮ್ಮ ಮನೆಯೊಂದನ್ನು ಊಹಿಸಿಕೊಳ್ಳಿರಿ. ಅಜ್ಜಿ ಬೇಡವೆಂದಳು, ದೊಡ್ಡಪ್ಪ ಕೊಸರಾಡಿದ, ಕೊನೆಗೆ ತಾಯಿಯ ಹಟದಿಂದ ಮಗಳು ಬೆಂಗಳೂರಿನ ಕಾಲೇಜು ಸೇರಿದಳು. ಹೊರಡುವಾಗ ತಂದೆ ಹೇಳಿದ್ದು ಒಂದೇ ಮಾತು: "ನೋಡವ್ವ, ಒಂದೇ ಒಂದು ದೂರು ಬಂದರೆ ಗಂಟುಮೂಟೆ ಕಟ್ಟಿಸಿ ಕರೆದುಕೊಂಡು ಬರುತ್ತೇನೆ. ಆಮೇಲೆ ಮದುವೆಯೇ." ತಂದೆಯ ಮನಸ್ಸಿನಲ್ಲಿ ಇದು ಮಗಳ ರಕ್ಷಣೆಗೆ ಕಟ್ಟಿದ ಬೇಲಿ. ಮೂರು ತಿಂಗಳಾದ ಮೇಲೆ ಯಾವನೋ ಒಬ್ಬ ದಿನವೂ ಬಸ್ಸು ನಿಲ್ಲುವಲ್ಲಿಂದ ಹಾಸ್ಟೆಲಿನ ಬಾಗಿಲ ತನಕ ಅವಳ ಬೆನ್ನಟ್ಟಿ ಬರುತ್ತಾನೆ, ಅಥವಾ ಅವಳ ಭಾವಚಿತ್ರವನ್ನು ತಿದ್ದಿ ಮೊಬೈಲಿನಲ್ಲಿ ಹರಡುತ್ತೇನೆಂದು ಬೆದರಿಸುತ್ತಾನೆ ಎಂದಿಟ್ಟುಕೊಳ್ಳಿ. ಅವಳು ಯಾರಿಗೆ ಹೇಳಬೇಕು? ಅಪ್ಪನಿಗೆ ಹೇಳಿದರೆ ಓದು ಮುಗಿಯಿತು. ಹೇಳದಿದ್ದರೆ ಅವನ ಬೆದರಿಕೆ ನಿಲ್ಲದು. ತಪ್ಪು ಮಾಡಿದವನು ಅವನು, ಶಿಕ್ಷೆ ಇವಳಿಗೆ. ಅದೂ ಹೆತ್ತವರ ಕೈಯಿಂದಲೇ! ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. "ನಿಮ್ಮ ಮನೆಗೆ ಹೇಳುತ್ತೇನೆ" ಎಂಬುದೇ ಅವನ ಕೈಯ ಆಯುಧ. ಆ ಆಯುಧವನ್ನು ಸಾಣೆ ಹಿಡಿದು ಕೊಟ್ಟವರು ಯಾರೆಂಬುದನ್ನು ಯೋಚಿಸಬೇಕಾಗಿದೆ.

ಇದೇ ಮಗಳಿಗೆ ತಂದೆ ಹೊರಡುವಾಗ ಬೇರೆ ಮಾತನ್ನು ಹೇಳಿದ್ದರೆ? "ಏನೇ ಆಗಲಿ, ತಪ್ಪು ಯಾರದೇ ಇರಲಿ, ಮೊದಲು ನನಗೆ ಹೇಳು. ನಿನ್ನ ಓದು ನಿಲ್ಲಿಸುವುದಿಲ್ಲ. ಇದು ನನ್ನ ಮಾತು." ಆ ಒಂದು ಮಾತಿಗೇ ಬೆದರಿಸುವವನ ಅರ್ಧ ಬಲ ಉಡುಗುತ್ತದೆ. ಉಳಿದರ್ಧಕ್ಕೆ ಕಾನೂನುಂಟು. 2013ರ ಕಾಯಿದೆ ಹಾಗೂ ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಗಳ ಪ್ರಕಾರ ಕಾಲೇಜುಗಳಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ರ‍್ಯಾಗಿಂಗನ್ನು ಕುರಿತ ಆಯೋಗದ 2009ರ ನಿಯಮಗಳ ಮೇರೆಗೆ ವಿದ್ಯಾರ್ಥಿಯೂ ಪೋಷಕರೂ ಪ್ರತ್ಯೇಕವಾಗಿ ಮುಚ್ಚಳಿಕೆ ಬರೆದುಕೊಡುವ ಪದ್ಧತಿಯಿದೆ. ದೂರಿಗೆ 1800-180-5522 ಎಂಬ ಉಚಿತ ಸಂಖ್ಯೆಯಿದೆ. ಸೇರಿಸುವ ದಿನ ನಮ್ಮಲ್ಲಿ ಎಷ್ಟೋ ಮಂದಿ ಆ ಮುಚ್ಚಳಿಕೆಗೆ ಓದದೆಯೇ ಸಹಿ ಹಾಕಿ ಬರುತ್ತೇವೆ. ಅದನ್ನು ಮಗಳ ಜೊತೆ ಕುಳಿತು ಓದಿರಿ. ಆ ಸಮಿತಿಯಲ್ಲಿ ಯಾರಿದ್ದಾರೆ, ಅವರ ಕೊಠಡಿ ಎಲ್ಲಿದೆ ಎಂದು ಅಂದೇ ಕೇಳಿ ತಿಳಿದುಕೊಂಡು ಬನ್ನಿರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತು. ತಾಯಿ ತಿಂಗಳಿಗೊಮ್ಮೆ ಹೋಗಿ ಮಗಳ ಜೊತೆ ಒಂದು ದಿನ ಕಳೆದು ಬರಲು ಇದಕ್ಕಿಂತ ಅನುಕೂಲ ಬೇರೆಯಿಲ್ಲ. ಹೋದವರು ಮಗಳ ಕಪಾಟನ್ನು ಶೋಧಿಸಲು ತೊಡಗದಿದ್ದರೆ ಸಾಕು.

ಗಂಡುಮಕ್ಕಳಿಗೆ ಇಂಥ ಭಯವಿಲ್ಲವೆಂದು ಭಾವಿಸಬಾರದು. ಹಿರಿಯ ವಿದ್ಯಾರ್ಥಿಗಳಿಂದ ಹೊಡೆತ ತಿಂದ ಹುಡುಗ, "ಗಂಡಸಾಗಿ ಅಳುತ್ತೀಯಾ?" ಎಂಬ ಮಾತಿಗೆ ಅಂಜಿ ಸುಮ್ಮನಿರುತ್ತಾನೆ. ಆ ಮಾತನ್ನು ನಮ್ಮ ಮನೆಗಳಲ್ಲಿ ಮೂರು ವರ್ಷದ ಕೂಸಿಗೂ ಹೇಳುವುದನ್ನು ನೋಡಿದರೆ ಖೇದವಾಗುತ್ತದೆ.

ಇಷ್ಟು ಹೇಳಿದಾಗ ಕೆಲವು ಹಿರಿಯರು ಆಕ್ಷೇಪಿಸುವುದು ನಿಶ್ಚಯ. "ಭಯವಿಲ್ಲದೆ ಭಕ್ತಿಯಿಲ್ಲ, ಹೀಗೆ ಸಲಿಗೆ ಕೊಟ್ಟರೆ ಮಕ್ಕಳು ತಲೆಯ ಮೇಲೆ ಕೂಡುತ್ತಾರೆ" ಎಂದು. ಆಕ್ಷೇಪ ನಿರಾಧಾರವಾದುದಲ್ಲ. ಪಟ್ಟಣದಲ್ಲಿ ಕುಡಿತವಿದೆ, ಮಾದಕ ವಸ್ತುಗಳಿವೆ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳು ಎಷ್ಟು ಮನೆಗಳನ್ನು ತಿಂದವೆಂದರೆ 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿ ಅವುಗಳನ್ನು ನಿಷೇಧಿಸಬೇಕಾಯಿತು. ಹುಡುಗರು ಜಾರುವುದಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಭಯ ಯಾವುದನ್ನು ತಡೆಯುತ್ತದೆಂಬುದನ್ನು ಕೊಂಚ ಪರೀಕ್ಷಿಸೋಣ. ತಂದೆಯ ಭಯ ಮಗನನ್ನು ತಂದೆಯ ಕಣ್ಣಿಗೆ ಬೀಳುವ ತಪ್ಪಿನಿಂದ ತಡೆಯುತ್ತದೆ. ಕಣ್ಣಿಗೆ ಬೀಳದ ತಪ್ಪಿನಿಂದ ತಡೆಯಬೇಕಾದುದು ಅವನ ವಿವೇಕವೇ. ಮೇಲಾಗಿ ಜಾರಿದ ಮೇಲೆ ಭಯದಿಂದ ಆಗುವ ಅನರ್ಥವೇ ಹೆಚ್ಚು. ಆಟದಲ್ಲಿ ಎರಡು ಸಾವಿರ ಕಳೆದುಕೊಂಡವನು ಆ ದಿನವೇ ಮನೆಗೆ ಹೇಳಿದ್ದರೆ ನಷ್ಟ ಎರಡು ಸಾವಿರ. ಹೇಳಲು ಅಂಜಿ ಮೊಬೈಲಿನಲ್ಲೇ ಸಾಲ ಮಾಡಿ ಮುಚ್ಚಹೊರಟರೆ ಅದು ಇಪ್ಪತ್ತಾಗುತ್ತದೆ, ಎಂಬತ್ತಾಗುತ್ತದೆ.

ಕೇಳುವುದೆಂದರೆ ಒಪ್ಪುವುದೆಂದು ಅರ್ಥವಲ್ಲ. ಮಗ ಕುಡಿದೆನೆಂದು ಹೇಳಿದಾಗ ತಂದೆ ನಗಬೇಕಾಗಿಲ್ಲ. "ಇದು ನನಗೆ ನೋವಾಯಿತು, ಇದು ತಪ್ಪು" ಎಂದು ಸ್ಪಷ್ಟವಾಗಿ ಹೇಳಲಿ; ಆಟಕ್ಕೆ ಕಳೆದ ಹಣವನ್ನು ಮುಂದಿನ ತಿಂಗಳ ಖರ್ಚಿನಲ್ಲಿ ಮುರಿದುಕೊಳ್ಳಲಿ. ತಪ್ಪಿಗೆ ಅದರ ಫಲವಿರಬೇಕು. ಆದರೆ ಅದು ತಪ್ಪಿನ ಫಲವಾಗಿರಬೇಕೇ ಹೊರತು ಹೇಳಿದುದರ ಫಲವಾಗಬಾರದು. ಮಗು ಎಷ್ಟೇ ದೂರದಲ್ಲಿದ್ದರೂ ಈ ವ್ಯತ್ಯಾಸವನ್ನು ಒಂದೇ ಸಲಕ್ಕೆ ಗುರುತಿಸುತ್ತದೆ.

ಹದಿನೆಂಟು ತುಂಬಿದವನನ್ನು 1875ರಷ್ಟು ಹಿಂದೆಯೇ ಕಾಯಿದೆ ಪ್ರಾಪ್ತವಯಸ್ಕನೆಂದು ಕರೆಯಿತು. 1989ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಹದಿನೆಂಟಕ್ಕೇ ಮತದಾನದ ಹಕ್ಕು ಬಂತು. ದೇಶವನ್ನು ಆಳುವವರನ್ನು ಆರಿಸಲು ಯೋಗ್ಯನಾದವನು ತಾನು ಓದುವ ವಿಷಯವನ್ನು ಆರಿಸಲು ಯೋಗ್ಯನಲ್ಲವೆನ್ನುವುದು ವಿಚಿತ್ರವಾಗಿ ತೋರುತ್ತದೆ. ಇತಿಹಾಸ ಓದಬೇಕೆಂಬ ಮಗುವನ್ನು ಇಂಜಿನಿಯರಿಂಗಿಗೆ ದೂಡಿ, ಮೂರು ವರ್ಷವಾದ ಮೇಲೆ ಬಾಕಿ ಉಳಿದ ಪತ್ರಿಕೆಗಳನ್ನು ಎಣಿಸುತ್ತ ಕೂಡುವ ಮನೆಗಳು ಎಲ್ಲ ಊರುಗಳಲ್ಲಿಯೂ ಇವೆ. ಸಲಹೆ ಕೊಡುವುದು ಹಿರಿಯರ ಹಕ್ಕು, ಕರ್ತವ್ಯವೂ ಹೌದು. ಆಯ್ಕೆಯ ಸಹಿ ಮಾತ್ರ ಮಗುವಿನದೇ ಆಗಿರಲಿ.

ಮೊಬೈಲಿನ ಬಗೆಗೆ ಎರಡೇ ಮಾತು. ಹಿಂದೆ ಪ್ರಸಾದನಿಲಯದ ಹುಡುಗ ಹದಿನೈದು ದಿನಕ್ಕೊಂದು ಕಾಗದ ಬರೆದರೆ ಹೆಚ್ಚು. ನಡುವಿನ ದಿನಗಳ ಕಷ್ಟಗಳನ್ನು ಅವನೇ ಬಗೆಹರಿಸಿಕೊಳ್ಳುತ್ತಿದ್ದ. ಬಗೆಹರಿಯದ್ದು ಮಾತ್ರ ಕಾಗದ ಸೇರುತ್ತಿತ್ತು. ಈಗ ದಿನಕ್ಕೆ ನಾಲ್ಕು ಸಲ ಕರೆ, "ಎಲ್ಲಿದ್ದೀಯೆ, ಯಾರ ಜೊತೆ ಇದ್ದೀಯೆ, ಕ್ಯಾಮರಾ ತಿರುಗಿಸಿ ತೋರಿಸು" ಎಂಬ ವಿಚಾರಣೆ. ಇದರಿಂದ ಸುದ್ದಿ ಬಹಳ ಸಿಗುತ್ತದೆ, ಸಮಾಚಾರ ಸಿಗುವುದಿಲ್ಲ. ವಾರಕ್ಕೆರಡು ಸಲ, ಇಬ್ಬರಿಗೂ ಬಿಡುವಾದ ಹೊತ್ತಿನಲ್ಲಿ, ಊರಿನ ವಿಷಯವನ್ನೂ ನಿಮ್ಮ ಕಷ್ಟಸುಖವನ್ನೂ ಹೇಳುತ್ತ ಮಾತಾಡಿದರೆ ಸಾಕು. ಎಮ್ಮೆ ಕರು ಹಾಕಿದ ಸುದ್ದಿ ಕೇಳಿದ ಮಗು ತನ್ನ ಸುದ್ದಿಯನ್ನೂ ತಾನಾಗಿ ಹೇಳುತ್ತದೆ.

ದೂರದ ಊರಿನಲ್ಲಿ ಹೆತ್ತವರಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಬ್ಬ ಹಿರಿಯರಿರುವುದೂ ಅವಶ್ಯ. ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ಮೈಸೂರಿಗೆ ಓದಲು ಹೋದವರು. ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಅಸ್ವಸ್ಥರಾದ ಅವರನ್ನು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಜೋಪಾನ ಮಾಡಿದವರು ಸ್ವಾಮಿ ಸಿದ್ಧೇಶ್ವರಾನಂದರು. ಮುಂದೆ ಕುವೆಂಪು ಆ ಉಪಕಾರವನ್ನು ಎಂದೂ ಮರೆಯಲಿಲ್ಲ. ಎಲ್ಲ ಮಕ್ಕಳಿಗೂ ಅಂಥ ಗುರುವೇ ದೊರೆಯಬೇಕೆಂದಿಲ್ಲ. ಊರಿನಿಂದ ಹೋಗಿ ನೌಕರಿಯಲ್ಲಿರುವ ಒಬ್ಬ ಅಣ್ಣ, ಬಾಡಿಗೆ ಮನೆಯಲ್ಲಿರುವ ಒಬ್ಬ ಅಕ್ಕ, ನಿವೃತ್ತರಾದ ಒಬ್ಬ ಮೇಷ್ಟ್ರು, ಇಷ್ಟಾದರೂ ಸಾಕು. ಇಲ್ಲಿ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ನಿವೇದನೆಯುಂಟು. ನಿಮ್ಮಲ್ಲಿ ಬೆಂಗಳೂರು, ಮೈಸೂರು, ಶಿವಮೊಗ್ಗೆಗಳಲ್ಲಿ ನೆಲೆಸಿದವರು ನೂರಾರು ಮಂದಿ ಇದ್ದೀರಿ. ವರ್ಷಕ್ಕೊಮ್ಮೆ ಪುನರ್ಮಿಲನದಲ್ಲಿ ಸೇರಿ ಹಳೆಯ ಪಂಕ್ತಿಯನ್ನು ನೆನೆದು ಕಣ್ಣೀರು ತರುವುದು ಒಳ್ಳೆಯದೇ. ಜೊತೆಗೆ ನಿಮ್ಮ ನಿಮ್ಮ ಊರಿನಿಂದ ಈ ವರ್ಷ ಬಂದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ತಿಂಗಳಿಗೊಂದು ಭಾನುವಾರ ಮನೆಗೆ ಊಟಕ್ಕೆ ಕರೆಯಿರಿ. ಉಪದೇಶ ಬೇಡ. ರೊಟ್ಟಿ, ಪಲ್ಯ ಬಡಿಸಿ, ನೀವು ಮೊದಲ ವರ್ಷ ಪಟ್ಟ ಪಾಡನ್ನು ಹೇಳಿರಿ. ನೀವೂ ಒಂದು ಕಾಲಕ್ಕೆ ನಲವತ್ತು ಅಂಕ ಪಡೆದವರೇ ಎಂಬುದು ಆ ಮಗುವಿಗೆ ತಿಳಿಯಲಿ.

ಮೊದಲ ಹಬ್ಬಕ್ಕೆ, ದೀಪಾವಳಿಗೆಂದು ಇಟ್ಟುಕೊಳ್ಳಿ, ಮಗು ಊರಿಗೆ ಬರುತ್ತದೆ. ಸ್ವಲ್ಪ ಬಡವಾಗಿರುತ್ತದೆ, ಮಾತಿನಲ್ಲಿ ಪೇಟೆಯ ನಾಲ್ಕು ಶಬ್ದಗಳು ಸೇರಿರುತ್ತವೆ, ತಲೆಗೂದಲಿನ ಕಟ್ಟು ನಮಗೆ ಒಪ್ಪದಂತಿರಬಹುದು. ನೆಂಟರಿಷ್ಟರು ಬಂದು "ಎಷ್ಟು ಪರ್ಸೆಂಟು?" ಎಂದು ಕೇಳುವುದನ್ನು ತಡೆಯಲಾಗದು. ಹೆತ್ತವರಾದರೂ ಆ ಪ್ರಶ್ನೆಯನ್ನು ಎರಡು ದಿನ ನುಂಗಿಕೊಳ್ಳಲಿ. ಹೊಟ್ಟೆ ತುಂಬ ಉಂಡು, ಹಗಲೆಲ್ಲ ಮಲಗಿ ಎದ್ದ ಮೇಲೆ, ಸಂಜೆ ತೋಟಕ್ಕೆ ನೀರು ಬಿಡಲು ಹೊರಟಾಗ "ಬರ್ತೀಯೇನೋ?" ಎಂದು ಜೊತೆಗೆ ಕರೆಯಿರಿ. ಎದುರೆದುರು ಕುಳಿತಾಗ ಬಾರದ ಮಾತು ಬದುವಿನ ಮೇಲೆ ಮುಂದೆ ಹಿಂದೆ ನಡೆಯುವಾಗ ಬರುವುದುಂಟು. ಬಂದರೆ ನಡುವೆ ಬಾಯಿ ಹಾಕಬೇಡಿರಿ. ಬಾರದಿದ್ದರೆ ನೀರು ಕಟ್ಟಿ, ಸುಮ್ಮನೆ ಜೊತೆಯಲ್ಲಿ ಮನೆಗೆ ಬನ್ನಿರಿ; ಸಂಕ್ರಾಂತಿಗೆ ಮತ್ತೆ ರಜೆಯುಂಟು.